ಏಳನೇ ಪ್ರಶ್ನೆ

ಇನ್ನೂರ ಹದಿಮೂರು ಮನೆ, ಹನ್ನೊಂದು ಪ್ರಶ್ನೆ,
ಮೇಯರ್ ಕಚೇರಿಯಿಂದ ಬಂದ ಗುಲಾಬಿ ಬಣ್ಣದ ಫಾರ್ಮು.
ಬರಂಗಾಯ್ ಪಂಚಾಯ್ತಿಯ ಗುಮಾಸ್ತೆ ನಾನು,
ಸಂಬಳ ಬರುವ ಮೊದಲೇ ಚಪ್ಪಲಿ ಸವೆಯುವ ಕೆಲಸ.
ಪೆಸಿಫಿಕ್ಕಿಗೆ ಎದೆಯೊಡ್ಡಿ ಕೂತ ದ್ವೀಪ ನಮ್ಮದು.
ಬರುವ ಒಂದೊಂದು ಚಂಡಮಾರುತಕ್ಕೂ ಮನಿಲಾದಲ್ಲಿ ಹೆಸರಿಡುತ್ತಾರೆ,
ನಾಮಕರಣಕ್ಕೆ ನಮ್ಮನ್ನು ಕರೆಯುವುದಿಲ್ಲ,
ಊಟಕ್ಕೆ ಮಾತ್ರ ಅದು ನಮ್ಮ ಮನೆಗೇ ಬರುತ್ತದೆ.

ಎಷ್ಟು ಜನ? ಛಾವಣಿ ತಗಡೋ, ಗರಿಯೋ?
ಶಿಳ್ಳೆ ಇದೆಯೆ? ಟಾರ್ಚು ಇದೆಯೆ?
ಟಾರ್ಚು ಎಲ್ಲರ ಮನೆಯಲ್ಲೂ ಇತ್ತು,
ಸೆಲ್ಲು ಟೀವಿಯ ರಿಮೋಟಿನೊಳಗಿತ್ತು.
ಏಳನೆಯದು: ಹೊತ್ತೊಯ್ಯಬೇಕಾದವರು ಯಾರಾದರೂ ಇದ್ದಾರೆಯೆ?

ಇಲ್ಲಿಗೆ ಬಂದಾಗ ಜನ ತಡವರಿಸುತ್ತಾರೆ.
ಎವಾರಿಸ್ತೋ ನನ್ನ ಕಿವಿಯ ಬಳಿ ಬಗ್ಗಿ ಅಪ್ಪನ ಹೆಸರು ಹೇಳಿದ.
ಒಳಗಿಂದ ಮುದುಕ ಗದರಿದ:
"ಕಾಲು ಹೋಗಿದೆ ಕಣೋ, ಕಿವಿ ಅಲ್ಲ."
ಬಾಣಂತಿ ರೊಸೆಂದಾ ಕೂಸನ್ನು ತೋರಿಸಿ
"ಇದನ್ನು ನಾನೇ ಹೊರುತ್ತೇನಲ್ಲ, ಬರೆಯಬೇಕೆ?" ಎಂದಳು.
ಕೂಸನ್ನು ಬರೆದೆ. ಹೊರುವವಳನ್ನೂ ಬರೆದೆ.

ಪ್ರಿಮಿತಿವಾ ಅಜ್ಜಿಗೆ ಎಂಬತ್ತೊಂದು,
ಅಬಾಕಾ ನಾರು ಸೀಳಿ ಸೀಳಿ ಸೊಟ್ಟಾದ ಬೆರಳು.
"ಹೊತ್ತೊಯ್ಯಬೇಕಾದ್ದು ಹಂದಿ. ಬರಕೋ."
ಹಂದಿಗೆ ಕಾಲಂ ಇಲ್ಲ ಅಜ್ಜಿ.
"ಹಾಗಾದರೆ ನಿನ್ನ ಕಾಗದ ಇನ್ನೂ ಮುಗಿದಿಲ್ಲ."
ಅಶಕ್ತರ ಸಾಲಿನಲ್ಲಿ ನಾನು ಗೀಚಿದ್ದ ಅವಳ ಹೆಸರನ್ನು
ಪೆನ್ನು ಕಸಿದು ತಾನೇ ಹೊಡೆದುಹಾಕಿದಳು,
ಕಾಗದ ಹರಿಯುವಷ್ಟು ಒತ್ತಿ.

ಮಂಗಳವಾರ ಮೂರು ಗಂಟೆಗೆ ಅಣಕು ಕವಾಯತು.
ಸೈರನ್ನು ಕೂಗಿತು. ನಾಯಿಗಳು ಉತ್ತರ ಕೊಟ್ಟವು.
ಶಾಲೆಯಂಗಳಕ್ಕೆ ಬಂದವರು
ಐಸ್‌ಕ್ಯಾಂಡಿಯ ಆಸೆಗೆ ಆರು ಹುಡುಗರು,
ಮತ್ತು ಪ್ರಿಮಿತಿವಾ, ಹಗ್ಗದ ತುದಿಗೆ ಹಂದಿ.
ಮೆಟ್ಟಿಲ ಬುಡದಲ್ಲಿ ಹಂದಿ ಮುಷ್ಕರ ಹೂಡಿತು.
"ನೋಡು, ಇಲ್ಲೊಂದು ಹಲಗೆ ಬೇಕು," ಎಂದಳು,
"ಇವತ್ತೇ ಗೊತ್ತಾದದ್ದು ಒಳ್ಳೆಯದಾಯಿತು."
ಭಾಗವಹಿಸಿದವರು ಏಳು, ಎಂದು ವರದಿ ಬರೆದೆ.
ಮೇಲಿನವರು ಫೋಟೋ ಕೇಳಿದರು.
ಹಲಗೆಯ ಮಾತು ಯಾರೂ ಎತ್ತಲಿಲ್ಲ, ನಾನೂ.

ನವೆಂಬರಿನ ಒಂದು ರಾತ್ರಿ
ಮೊದಲು ಕರೆಂಟು ಹೋಯಿತು, ಅದರ ಬೆನ್ನಿಗೇ ಸೈರನ್ನು.
ಗಾಳಿ ತಗಡುಗಳನ್ನು ಇಸ್ಪೀಟೆಲೆಯಂತೆ ಕಲೆಸುತ್ತಿತ್ತು.
ಶಾಲೆಯ ಬಾಗಿಲಲ್ಲಿ ಲಾಟೀನಿಟ್ಟುಕೊಂಡು
ಬಂದ ಬಂದವರ ಹೆಸರಿಗೆ ಗುರುತು ಹಾಕಿದೆ.
ಎವಾರಿಸ್ತೋನ ಅಪ್ಪ ಕುರ್ಚಿಯ ಮೇಲೆ ಬಂದ, ಬೈಯುತ್ತಲೇ.
ರೊಸೆಂದಾ ಬಂದಳು, ಎದೆಗೆ ಕಟ್ಟಿದ ಕೂಸು ನಿದ್ದೆಯಲ್ಲಿತ್ತು.
ತಲೆ ಎತ್ತಲಿಲ್ಲ ನಾನು. ಕಾಗದ ಒದ್ದೆಯಾಗದಂತೆ
ನೋಡಿಕೊಳ್ಳುವುದೇ ಆಗಿತ್ತು.

ಕೊನೆಗೆ ಬಂದವಳು ಪ್ರಿಮಿತಿವಾ.
ಸೊಂಟಕ್ಕೆ ಅದೇ ಹಗ್ಗ,
ಹಗ್ಗದ ಇನ್ನೊಂದು ತುದಿಗೆ ನನ್ನ ಮಗ.
ಒಂಬತ್ತು ವರ್ಷ, ಉಬ್ಬಸದ ಎದೆ, ತುಟಿ ನೀಲಿ.
ಮೈದುನ ಕರೆತರುತ್ತಾನೆ ಎಂದುಕೊಂಡಿದ್ದೆ ನಾನು,
ನನ್ನ ಜೊತೆ ಹೋಗಿದ್ದಾನೆ ಎಂದುಕೊಂಡಿದ್ದ ಅವನು.
"ಇವನು ಯಾವ ಕಾಗದದಲ್ಲಿದ್ದಾನೆ, ನೋಡಿ ಹೇಳು."
ನೋಡಿದೆ. ಲಾಟೀನು ಹತ್ತಿರ ತಂದು ಮತ್ತೆ ನೋಡಿದೆ.
ಇನ್ನೂರ ಹನ್ನೆರಡು ಇದ್ದವು.
ಇನ್ನೊಂದು ನನ್ನ ಅಡುಗೆಮನೆಯಲ್ಲಿ,
ಅಕ್ಕಿ ಡಬ್ಬಿಯ ಅಡಿಯಲ್ಲಿ, ಖಾಲಿ.

ಹಂದಿ?
ಅವಳು ನಡುವಿನ ನೀರು ಹಿಂಡುತ್ತಾ ಹೇಳಿದಳು:
"ಹಗ್ಗ ಒಂದೇ ಇತ್ತು."

ಮೊನ್ನೆ ಹೊಸ ಫಾರ್ಮು ಬಂದಿದೆ, ಈ ಸಲ ಬಿಳಿ.
ಹಂದಿಗೆ ಈಗಲೂ ಕಾಲಂ ಇಲ್ಲ.
ಅಂಚಿನಲ್ಲಿ ಸ್ಕೇಲಿಟ್ಟು ನಾನೇ ಒಂದು ಗೆರೆ ಎಳೆದೆ.
ಮೆಟ್ಟಿಲಿಗೆ ಹಲಗೆ ಹೊಡೆಸಿಯಾಗಿದೆ, ಬಿಲ್ಲು ಇನ್ನೂ ಪಾಸಾಗಿಲ್ಲ.
ಮೊದಲು ನನ್ನ ಮನೆಯದು ತುಂಬುತ್ತಿದ್ದೇನೆ.
ಏಳನೆಯದು: ಒಬ್ಬ.
ಯಾರು ಹೊರುತ್ತಾರೆ ಎಂದು ಅವರು ಕೇಳಿಲ್ಲ,
ಆದರೂ ಬರೆದೆ,
ಕಾಗದ ಹರಿಯುವಷ್ಟು ಒತ್ತಿ.