ಒಳಗೆ ಬಿಟ್ಟ ಬಟ್ಟೆ

ಬಳೇಪೇಟೆಯಲ್ಲಿ, ತಮಟೆ ಡೋಲು ಮಾರುವ ಅಂಗಡಿಯ ಮೇಲೆ
ಹನ್ನೊಂದು ಮೆಟ್ಟಿಲು ಹತ್ತಿದರೆ ನನ್ನ ಮೆಷೀನು.
ಆಕೆ ಹತ್ತಿದ್ದು ಒಂದೊಂದೇ, ಬಲಗಾಲು ಮೊದಲಿಟ್ಟು,
ಹಟ ಹಿಡಿದ ಮಗುವನ್ನು ಕರೆತರುವ ಹಾಗೆ
ಎಡಗಾಲನ್ನು ಪಕ್ಕಕ್ಕೆ ಕರೆದುಕೊಂಡು.

ಕಿನುಯೊ ಅಂತ ಹೆಸರು. ಕಿನು ಅಂದರೆ ರೇಷ್ಮೆಯಂತೆ.
ಗಂಡನಿಗೆ ಬಿಡದಿಯ ಕಾರ್ಖಾನೆ, ಐದು ವರ್ಷದ ಕೆಲಸ;
ಐದು ವರ್ಷದ ಕನ್ನಡ ಅವಳ ಬಾಯಲ್ಲಿ
ತರಕಾರಿಯವಳ ಜೊತೆ ಚೌಕಾಸಿಗೆ ಸಾಲುವಷ್ಟು.
ಚೀಲದಿಂದ ತೆಗೆದಳು: ಕಪ್ಪು, ಮಿರಿಮಿರಿ, ತೋಳಿಲ್ಲದ್ದು,
ಬೆನ್ನಿಗೆ ಹಳದಿ ದಾರದಲ್ಲಿ ಒಂದು ಕಡಜ.
"ನಾಟಕದ್ದಾ?" ಎಂದೆ.
"ಕುಸ್ತಿ" ಅಂದಳು. "ನಂದು."

ನಾನು ನಗಲಿಲ್ಲ. ನಮ್ಮ ತಾತ ವಿಠೋಬರಾವ್ ಪಿಸ್ಸೆ
ಕಾಟನ್‌ಪೇಟೆ, ಕಿಲಾರಿ ರಸ್ತೆಯ ಗರಡಿಗಳಿಗೆಲ್ಲ
ಲಂಗೋಟ ಹೊಲಿದವರು. ಗಂಟು ಹೊತ್ತು ನಾನೂ ಹೋಗುತ್ತಿದ್ದೆ,
ಹೊಸಿಲವರೆಗೆ.
ಒಳಗೆ ಎಣ್ಣೆ, ಅರಿಶಿನ, ಕೆಮ್ಮಣ್ಣಿನ ವಾಸನೆ,
ಧಪ್ ಅಂತ ಯಾರೋ ಬಿದ್ದ ಸದ್ದು.
ಹೆಣ್ಣುಮಕ್ಕಳು ಆ ಮಣ್ಣು ತುಳಿಯಬಾರದು.
ಹೊಸಿಲಲ್ಲೇ ಕಾಸು ಎಣಿಸಿಕೊಂಡು ಬಂದೆ, ಎಂಟು ವರ್ಷ.

ಬಟ್ಟೆ ಮಗುಚಿದೆ. ಒಳಮೈ ಸುಳ್ಳು ಹೇಳುವುದಿಲ್ಲ.
ಮೊದಲ ಹೊಲಿಗೆ ಹದಿನೇಳರ ಹುಡುಗಿಯ ಅಳತೆ, ಒಣಗಿದ ನುಗ್ಗೆಕಾಯಿ.
"ಮೂರು ತಿಂಗಳು ಬರೀ ಬೀಳು" ಅಂದಳು.
"ಅನ್ನ ಮಾಡು. ಅಕ್ಕಂದಿರ ಬಟ್ಟೆ ಒಗೆ. ಮತ್ತೆ ಬೀಳು."
ಭುಜದಲ್ಲಿ ಅರ್ಧ ಇಂಚು ಬಿಚ್ಚಿದ್ದು ಹತ್ತೊಂಬತ್ತಕ್ಕೆ.
ಆ ವರ್ಷ ಒಳ್ಳೆಯವಳು ಕೆಟ್ಟವಳಾದಳಂತೆ, ಕಂಪನಿಯ ಅಪ್ಪಣೆ;
ಬಿಳಿ ಬಟ್ಟೆಯನ್ನೇ ಕಪ್ಪಿಗೆ ಅದ್ದಿದರು.
ಹೊಲಿಗೆಯ ಸಂದಿಯಲ್ಲಿ ಇನ್ನೂ ಬಿಳುಪು ಇಣುಕುತ್ತದೆ.
ಎಡಪಕ್ಕೆಯಲ್ಲಿ ಕೈಹೊಲಿಗೆ, ಸೊಟ್ಟ, ಓಡುವ ಬಸ್ಸಿನಲ್ಲಿ ಕೂತು ಹಾಕಿದ್ದು:
ವರ್ಷಕ್ಕೆ ಇನ್ನೂರೈವತ್ತು ರಾತ್ರಿ, ಅಷ್ಟೇ ಊರು.
ಕತ್ತಿನ ಪಟ್ಟಿಯಲ್ಲಿ, ಒಗೆದರೂ ಹೋಗದ ಕಂದು.
"ನಂದಲ್ಲ" ಅಂದು ನಕ್ಕಳು.
ಸ್ವಲ್ಪ ತಡೆದು, "ಅರ್ಧ ನಂದು."

ಇಪ್ಪತ್ತಾರಕ್ಕೆ ಮನೆಗೆ ಕಳಿಸಿದರು. ನಿಯಮ.
ಹತ್ತು ಸಲ ಗಂಟೆ ಬಾರಿಸಿ, ಬಣ್ಣದ ಕಾಗದದ ಸುರುಳಿ ಎಸೆದು.
ಮೂವತ್ತೊಂದಕ್ಕೆ ಮತ್ತೆ ಹತ್ತಿದಳು, ಯಾರೂ ಕರೆಯದೆ:
ಮೀನುಪೇಟೆ ಪಕ್ಕದ ಗೋದಾಮು, ನಲವತ್ತು ಕುರ್ಚಿ,
ಆಟ ಮುಗಿದ ಮೇಲೆ ಕುರ್ಚಿ ಮಡಚುವವಳೂ ಅವಳೇ.
ಅಲ್ಲಿಂದೀಚೆ ಸೊಂಟ ಬಿಚ್ಚುತ್ತ ಬಂದಿದೆ
ಕಾಲಿಂಚು, ಕಾಲಿಂಚು.

ಈಗ ಐವತ್ತೇಳು. ನವೆಂಬರಿನಲ್ಲಿ ಅವಳ ಊರಲ್ಲಿ ಕೊನೆಯದೊಂದು.
"ಬಿಚ್ಚು, ಅಕ್ಕ."
ಬಿಚ್ಚಲು ಏನೂ ಇರಲಿಲ್ಲ. ಒಳಗೆ ಬಿಟ್ಟ ಬಟ್ಟೆಯನ್ನೆಲ್ಲ
ಅವಳು ಆಗಲೇ ಬದುಕಿ ಮುಗಿಸಿದ್ದಳು.

ಕಪಾಟಿನ ತಳದಲ್ಲಿ ತಾತನ ಕೆಂಪು ಥಾನು, ಎರಡು ಗಜ,
ನುಸಿಗುಳಿಗೆಯ ವಾಸನೆ. ಗಂಡಸರ ಸೊಂಟ ಬಿಟ್ಟು
ಇನ್ನೆಲ್ಲೂ ಸುತ್ತದ ಬಟ್ಟೆ.
ಕತ್ತರಿ ಹಿಡಿದ ಕೈ ಒಂದು ಗಳಿಗೆ ಹೊಸಿಲಲ್ಲಿ ನಿಂತಿತು.
ಆಮೇಲೆ ಕ್ರಾಸ್ ಕತ್ತರಿಸಿದೆ, ಚೂರಾದರೂ ಹಿಗ್ಗಲಿ ಅಂತ,
ಎರಡು ಕಂಕುಳಿಗೂ ವೀಳ್ಯದೆಲೆಯಷ್ಟು ತುಂಡು, ಜೋಡಿ ಹೊಲಿಗೆ.

ಪರದೆಯ ಹಿಂದಿನಿಂದ ಹಾಕಿಕೊಂಡು ಬಂದಳು.
ಕೈ ಎತ್ತಿದಳು, ಇಳಿಸಿದಳು. ಸ್ಟೂಲು ಸರಿಸು ಅಂದಳು.
ನನಗೆ ತಿಳಿಯುವ ಮೊದಲೇ
ಗದ್ದ ಎದೆಗೊತ್ತಿ, ಅಂಗೈ ಎರಡೂ ನೆಲಕ್ಕೆ ಬಡಿದು
ಬೆನ್ನಿನ ಮೇಲೆ ಬಿದ್ದಳು.
ಧಪ್.
ಟ್ಯೂಬ್‌ಲೈಟು ಮಿಣುಕಿತು. ಕೆಳಗಿನ ಅಂಗಡಿಯಲ್ಲಿ
ಯಾವುದೋ ಡೋಲು ತಾನಾಗಿಯೇ ಗುಂಯ್ ಎಂದಿತು.
"ಯಾರಮ್ಮಾ ಬಿದ್ದಿದ್ದು?" ಮೆಟ್ಟಿಲ ಬುಡದಿಂದ ಕೂಗು.

ಮಲಗಿದಲ್ಲೇ ತೋಳೆತ್ತಿ ಕಂಕುಳು ತೋರಿಸಿದಳು.
ಮಂಡಿಯೂರಿ, ಕನ್ನಡಕ ಏರಿಸಿ ನೋಡಿದೆ:
ಒಂದು ಎಳೆಯೂ ಬಿಟ್ಟಿರಲಿಲ್ಲ.
"ಮುನ್ನೂರು" ಅಂದೆ.
"ಇನ್ನೂರೈವತ್ತು" ಅಂದಳು,
ಇನ್ನೂ ಮಲಗಿಕೊಂಡೇ.