ಸೊನ್ನೆಯ ಪಾಳಿ

ರಾತ್ರಿ ಎರಡೂವರೆ. ಚಹಾಕ್ಕೆ ಹಾಲು ಮುಗಿದಿತ್ತು.
ಜಗಳ ಶುರುವಾದದ್ದೇ ಅದಕ್ಕೆ ಎಂದು
ಆಮೇಲೆ ಎಲ್ಲರೂ ಒಪ್ಪಿದರು.

ಐರ್ಲೆಂಡಿನ ನಡುಸೀಮೆ, ಬಟಾಬಯಲು,
ಕಪ್ಪು ಜೌಗಿನ ನಡುವೆ ನಮ್ಮದೊಂದೇ ಚಿಮಣಿ.
ನನ್ನ ಕೆಲಸ ಅದರ ಕೊರಳಲ್ಲಿ:
ಐವತ್ತು ಮೀಟರು ಮೇಲೆ, ಕಬ್ಬಿಣದ ಅಟ್ಟದಲ್ಲಿ,
ಹೊಗೆಯ ನಾಡಿ ಹಿಡಿಯುವ ನಳಿಕೆಯ ಮಸಿ ಒರೆಸಿ
ಶುದ್ಧ ಸಾರಜನಕ ಊದಿ
ಅಂಕಿಯನ್ನು ಸೊನ್ನೆಗೆ ಇಳಿಸುವುದು.
ದಿನಕ್ಕೊಮ್ಮೆ, ಒಂದು ನಿಮಿಷ, ನಿಜವಾದ ಸೊನ್ನೆ.

ಫೀಕ್ರಾ ವರದಿ ಬರೆಯುವವ. ಲ್ಯಾಪ್‌ಟಾಪ್ ತಿರುಗಿಸಿದ:
"ಈ ತಿಂಗಳು ಮೂರರಲ್ಲೊಂದು ಪಾಲು ಮರದ ಚೂರು.
ಮರದ ಹೊಗೆ ಸೊನ್ನೆ. ನಿಯಮ ಹಾಗಿದೆ.
ಕಡಿದಲ್ಲಿ ಮತ್ತೆ ಬೆಳೆಯುತ್ತದಲ್ಲ."

"ಎಲ್ಲಿ?" ಎಂದಳು ಓರ್ಲಾ.
ಇಪ್ಪತ್ತಾರರ ಹುಡುಗಿ, ಬಿಸ್ಕತ್ತಿನ ಪೊಟ್ಟಣದ ಬೆನ್ನಿಗೆಲ್ಲ
ಶತಮಾನದ ವಕ್ರರೇಖೆ ಗೀಚುವವಳು.
"ಸಾಗರದಾಚೆ ಕಡಿದು, ಹಡಗಿಗೆ ಎಣ್ಣೆ ಕುಡಿಸಿ,
ಬಂದರಿನಿಂದ ಲಾರಿ ಮೇಲೆ ಲಾರಿ.
ಮರಕ್ಕೆ ಬೆಳೆಯಲು ನಲವತ್ತು ವರ್ಷ,
ಉರಿಯಲು ನಾಲ್ಕು ಸೆಕೆಂಡು.
ನಡುವಿನ ನಲವತ್ತು ಯಾರ ಖಾತೆಗೆ, ಫೀಕ್ರಾ?"

ಲೋರ್ಕನ್ ನಕ್ಕ. ಮೂವತ್ತೊಂದು ವರ್ಷ
ಬಾಯ್ಲರಿನ ಕಿಂಡಿಯಲ್ಲಿ ಇಣುಕಿ ಇಣುಕಿ
ಹುಬ್ಬು ಸುಟ್ಟುಕೊಂಡವನ ನಗು.
"ಮಳೆ ಕುಡಿದ ಚೂರು. ಅರ್ಧ ಬೆಂಕಿ
ಅದರ ನೀರು ಆರಿಸುವುದಕ್ಕೇ ಹೋಗುತ್ತದೆ.
ನಿಮ್ಮ ಗ್ರಾಫುಗಳಿಗೆ ಬೆವರು ಬರುವುದಿಲ್ಲ, ಮಗೂ."

"ಹಾಗಾದರೆ ಜೌಗಿನ ಮಣ್ಣನ್ನೇ ಉರಿಸೋಣವೇ?
ಪಾಚಿಯ ಮೇಲೆ ಪಾಚಿ ಮಲಗಿ
ವರ್ಷಕ್ಕೊಂದು ಮಿಲಿಮೀಟರು ಕೂಡಿಟ್ಟ ಗಂಟು.
ನೀನು ಒಂದು ಪಾಳಿಯಲ್ಲಿ ಒಂದು ಯುಗ ತಿನ್ನಿಸುತ್ತೀ."

ಲೋರ್ಕನ್ ಲೋಟದ ತಳ ನೋಡಿದ. ಬಹಳ ಹೊತ್ತು.
"ಕೈ ಕೆಸರಾಗಿದ್ದಕ್ಕೇ
ಈ ಕಡೆಯ ಬಾಯಿಗಳು ಮೊಸರು ಕಂಡವು," ಎಂದ.
"ಅದನ್ನೂ ಬರೆದುಕೋ, ಎಲ್ಲಾದರೂ ಮೂಲೆಯಲ್ಲಿ."

ಆಗ ಮೂವರೂ ನನ್ನತ್ತ ತಿರುಗಿದರು:
ಡಿಮ್ಫ್ನಾ, ನಿನ್ನ ಯಂತ್ರ ಏನನ್ನುತ್ತದೆ?

ನನ್ನ ಯಂತ್ರಕ್ಕೆ ಹೊಗೆ ಹೊಗೆಯೇ.
ಹನ್ನೆರಡೂವರೆ ಶೇಕಡಾ. ಹನ್ನೆರಡೂ ಮುಕ್ಕಾಲು.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ,
ಕೊಳವೆ ಹತ್ತಿದ್ದು ಬಾನಿಗೆ ಬಾರದಿರುತ್ತದೆಯೇ.
ವಯಸ್ಸು ತಿಳಿಯಬೇಕಾದರೆ ಸೀಸೆಯಲ್ಲಿ ಹಿಡಿದು
ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು;
ಅವರು ಇಂಗಾಲವನ್ನು ಮಾತಾಡಿಸಿ ಹೇಳುತ್ತಾರೆ
ಇಷ್ಟು ಪಾಲು ಮೊನ್ನೆ ಚಿಗುರಿದ್ದು,
ಇಷ್ಟು, ಗಾಡಿಯ ಚಕ್ರ ಹುಟ್ಟುವ ಮೊದಲೇ
ಕಣ್ಣು ಮುಚ್ಚಿದ್ದು.
ಒಂದೇ ಉಸಿರಲ್ಲಿ ಮೊಮ್ಮಗು, ಮುತ್ತಜ್ಜಿ.

ಇದನ್ನೆಲ್ಲ ಹೇಳಬೇಕೆಂದಿದ್ದೆ.
ಅಷ್ಟರಲ್ಲಿ ಗಂಟೆ ಬಡಿಯಿತು: ಮೂರನೇ ಪಟ್ಟಿ ನಿಂತಿದೆ.
ಚೂರು ಸಿಕ್ಕಿ, ಒದ್ದೆ ಗುಡ್ಡೆ, ಹುಳಿ ವಾಸನೆ.
ನಾಲ್ವರೂ ಓಡಿದೆವು. ಫೀಕ್ರಾ ಕೂಡ, ಹೊಳೆಯುವ ಬೂಟಲ್ಲಿ.
ತನ್ನ ಸೊನ್ನೆಯನ್ನು ತಾನೇ ಸಲಿಕೆಯಲ್ಲಿ ಎತ್ತಿ ಎತ್ತಿ
ನಡುವೊಮ್ಮೆ ಸೊಂಟ ಹಿಡಿದು ನಿಂತ.
"ಭಾರವಿದೆ," ಎಂದ. ಯಾರೂ ನಗಲಿಲ್ಲ.

ಶನಿವಾರ ಲೋರ್ಕನ್ ನನ್ನನ್ನು ಜೌಗಿಗೆ ಕರೆದೊಯ್ದ.
ಹತ್ತೊಂಬತ್ತನೇ ವಯಸ್ಸಿಗೆ ತಾನೇ ತೋಡಿದ ಕಾಲುವೆಗೆ
ಈಗ ತಾನೇ ಅಡ್ಡ ಕಟ್ಟುತ್ತಿದ್ದಾನೆ, ವಾರಕ್ಕೊಂದು,
ಯಾರಿಗೂ ಹೇಳದೆ.
ಗೇಣುದ್ದ ನೀರು ನಿಂತಿತ್ತು. ಅಂಚಿನಲ್ಲಿ
ಎಳೆಹಸುರು, ಉಗುರಿನಷ್ಟು.

ಗುಳುಕ್ ಎಂದು ಗುಳ್ಳೆಯೊಂದು ಎದ್ದು ಒಡೆಯಿತು.
ನೀರು ತುಂಬಿದ ಜೌಗು ಮೊದಮೊದಲು
ಮೀಥೇನ್ ಬಿಡುತ್ತದೆ, ನೆನಪಿರಲಿ, ಎಂದಿದ್ದಳು ಓರ್ಲಾ.
"ಇದು ಯಾವ ಕಾಲಮಿಗೆ?" ಕೇಳಿದ ಲೋರ್ಕನ್.

ಅಭ್ಯಾಸಬಲದಿಂದ ಜೇಬು ತಡಕಿದೆ.
ಒಂದು ಪೆನ್ನಿತ್ತು, ಅರ್ಧ ಬಿಸ್ಕತ್ತು.
ಇನ್ನೊಂದು ಗುಳ್ಳೆ ಏಳುವವರೆಗೆ
ಇಬ್ಬರೂ ನೀರನ್ನೇ ನೋಡುತ್ತ ಕೂತೆವು.