ಬೆರಳಳತೆ

ಉರುಗ್ವೆಯ ಈ ಮೂಲೆಯಲ್ಲಿ
ಚಳಿ ಬರುವುದು ತೆಂಕಣದಿಂದ.
ಈ ಬೇಸಿಗೆ ಪೂರಾ ಬಡಗಣದ್ದೇ ಗಾಳಿ.
ಕಾಲಿಟ್ಟರೆ ಕಡಲು
ಯಾರೋ ಮಿಂದು ಬಿಟ್ಟ ನೀರಿನ ಹಾಗೆ.

ಯಾನಿನಾ ಜರಡಿ ತಂದಿದ್ದಾಳೆ,
ಹಗ್ಗದ ಚೌಕ, ನೋಟುಪುಸ್ತಕ.
ಮೊದಲು ಎಷ್ಟಿದ್ದವು, ಎದೆಲ್ಮಿರಾ?

ಎಣಿಸಬೇಕೆಂದು ಯಾರಿಗೆ ಹೊಳೆದಿತ್ತು, ಮಗಳೇ?
ಹಿಮ್ಮಡಿ ಊರಿ ತಿರುಗಿಸಿದರೆ ಸಾಕಿತ್ತು,
ಗಟ್ಟಿಗಟ್ಟಿ ತಾಗುತ್ತಿದ್ದವು ಮರುವಾಯಿ,
ಕಡಲೆಮೂಟೆ ತುಳಿದ ಹಾಗೆ.
ಬೆನಿಗ್ನೊ ಗಾಡಿ ತುಂಬುತ್ತಿದ್ದ, ಕುದುರೆ ಬೇಡವೆನ್ನುತ್ತಿತ್ತು.
ಎರಡು ಗೆಣ್ಣಿಗಿಂತ ಗಿಡ್ಡದ್ದು
ಮರಳಿ ಮರಳಿಗೆ:
ನಮ್ಮಪ್ಪನ ಕಾಯಿದೆ, ಸರಕಾರದ್ದಕ್ಕಿಂತ ಹಳೆಯದು.

ಆಮೇಲೆ ಒಂದು ಬೆಳಿಗ್ಗೆ
ದಡದುದ್ದಕ್ಕೂ ಬಾಯ್ದೆರೆದ ಚಿಪ್ಪುಗಳು.
ಹದಿನಾಲ್ಕು ದಿನ ವಾಸನೆ.
ನಾಯಿಗಳೂ ಮೂಸಲಿಲ್ಲ.

ಈಗ ನಸುಕಿಗೇ ಟ್ರ್ಯಾಕ್ಟರ್ ಬರುತ್ತದೆ,
ಪ್ರವಾಸಿಗರಿಗೆಂದು ಮರಳಿನ ತಲೆ ಬಾಚುತ್ತದೆ.
ಪಾಚಿ, ಪುಕ್ಕ, ಸತ್ತ ಮೀನು,
ಅದನ್ನೇ ನಂಬಿದ ಹುಳ,
ಎಲ್ಲ ಟ್ರಾಲಿಗೆ.
ಎಷ್ಟು ಚೊಕ್ಕಟವೆಂದರೆ ಹಕ್ಕಿಗೂ ಕೆಲಸವಿಲ್ಲ.
ಬೆನ್ನಿಗೆ ಹೋಟೆಲಿನ ಗೋಡೆ, ಎದುರು ಏರುವ ನೀರು;
ದಡ ಹಿಂದೆ ಸರಿಯಲು ಜಾಗವಿಲ್ಲದೆ
ವರ್ಷಕ್ಕಿಷ್ಟು ಸಣ್ಣಗಾಗುತ್ತಿದೆ.

ಹನ್ನೊಂದನೇ ಚೌಕದಲ್ಲಿ ಸಿಕ್ಕಿತು, ಒಂದು.
ಒಂದು ಗೆಣ್ಣೂ ಇಲ್ಲ.
ಯಾನಿನಾ ಬರೆದುಕೊಂಡಳು: ಹತ್ತೊಂಬತ್ತು ಮಿಲಿಮೀಟರು.
ಎದೆಲ್ಮಿರಾ ಕೈ ಚಾಚಿದಳು.

ಬಿಳಿ ನಾಲಗೆಯಂಥ ಕಾಲು ಹೊರಬಂತು,
ಅಂಗೈಯ ಗೆರೆಗಳಲ್ಲಿ ತಡಕಾಡಿತು,
ಅಲ್ಲೇ
ಅಗೆಯತೊಡಗಿತು.